ವೈಫೈ ಪದೇ ಪದೇ ಕಟ್ ಆಗುತ್ತಿದೆಯಾ? ರೂಟರ್ ಆಫ್ ಮಾಡುವ ಮೊದಲು ಎರಡು ನಿಮಿಷ ನೋಡಿ

ಮನೆಯಲ್ಲಿ ನೆಟ್ ನಿಂತರೆ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ. ಎದ್ದು ಹೋಗಿ ರೂಟರ್‌ನ ಸ್ವಿಚ್ ಆಫ್ ಮಾಡುವುದು, ಹತ್ತು ಎಣಿಸಿ ಮತ್ತೆ ಆನ್ ಮಾಡುವುದು. ಎರಡು ಮೂರು ನಿಮಿಷದಲ್ಲಿ ನೆಟ್ ಬರುತ್ತದೆ. ಸಂಜೆ ಮತ್ತೆ ಹೋಗುತ್ತದೆ. ಮತ್ತೆ ಆಫ್, ಮತ್ತೆ ಆನ್. ಸಾಕಾಗಿ ಕಂಪನಿಗೆ ಫೋನ್ ಮಾಡಿದರೆ ಅವರು ಕೇಳುವುದೂ ಅದನ್ನೇ: "ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ ಸರ್?"

ಆಫ್ ಮಾಡುವುದು ತಪ್ಪೇನಲ್ಲ. ಆದರೆ ಅದರಿಂದ ಒಂದು ನಷ್ಟವಿದೆ. ಏನು ಕೆಟ್ಟಿತ್ತು ಎಂಬುದರ ಗುರುತೆಲ್ಲ ಅಳಿಸಿಹೋಗುತ್ತದೆ. ಯಾವ ಲೈಟ್ ಕೆಂಪಾಗಿತ್ತು, ವೈಫೈ ಹೋಗಿತ್ತೋ ನೆಟ್ ಹೋಗಿತ್ತೋ, ರೂಟರ್ ತಾನಾಗಿಯೇ ಆಫ್ ಆಗಿತ್ತೋ, ಯಾವುದೂ ಗೊತ್ತಾಗುವುದಿಲ್ಲ. ಕಾಯಿಲೆ ಗೊತ್ತಾಗದೆ ಔಷಧಿ ಎಲ್ಲಿಂದ ಬರಬೇಕು?

ಈಗ ನೆಟ್ ಅಂದರೆ ಸುಮ್ನೆ ಸಿನಿಮಾ ನೋಡುವ ವಿಷಯವಲ್ಲ. ತೀರ್ಥಹಳ್ಳಿಯ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಆಫೀಸ್ ಕೆಲಸ ಮಾಡುವವರಿದ್ದಾರೆ. ಸಿಇಟಿ ಆಪ್ಷನ್ ಎಂಟ್ರಿಯ ಕೊನೆಯ ದಿನ ಲೈನ್ ಹೋದರೆ ಮನೆಯವರಿಗೆಲ್ಲ ಎದೆ ಡವಡವ. ಆದ್ದರಿಂದ ನೆಟ್ ಎಲ್ಲಿ ಕಟ್ ಆಗುತ್ತದೆ, ಯಾಕೆ ಆಗುತ್ತದೆ, ನಮ್ಮ ಕೈಯಲ್ಲಿ ಏನಿದೆ ಎಂಬುದನ್ನು ಬುಡದಿಂದ ನೋಡೋಣ.

ಒಂದು ಡಬ್ಬ, ಮೂರು ಕೆಲಸ

ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಏನು ಮಾಡುತ್ತೇವೆ? ಮೊದಲು ಬೇರೆ ನಲ್ಲಿ ತಿರುಗಿಸಿ ನೋಡುತ್ತೇವೆ. ಅದರಲ್ಲೂ ಇಲ್ಲ ಅಂದರೆ ಮೇಲೆ ಟ್ಯಾಂಕ್ ನೋಡುತ್ತೇವೆ. ಟ್ಯಾಂಕೂ ಖಾಲಿ ಅಂದರೆ ಬೀದಿಯ ಪೈಪಿನಲ್ಲಿ ನೀರು ಬಿಟ್ಟಿದ್ದಾರಾ ಎಂದು ಪಕ್ಕದ ಮನೆಯವರನ್ನು ಕೇಳುತ್ತೇವೆ. ನಲ್ಲಿ ಕೆಟ್ಟಿದ್ದಕ್ಕೆ ಯಾರೂ ವಾಟರ್‌ಮ್ಯಾನ್ ಜೊತೆ ಜಗಳವಾಡುವುದಿಲ್ಲ, ಅಲ್ವಾ? ನೆಟ್ ವಿಷಯದಲ್ಲಿ ಮಾತ್ರ ನಾವು ಈ ಮೂರನ್ನೂ ಒಟ್ಟು ಸೇರಿಸಿ "ವೈಫೈ ಬರ್ತಿಲ್ಲ" ಅನ್ನುತ್ತೇವೆ.

ನೆಟ್‌ನಲ್ಲೂ ಮೂರು ಭಾಗಗಳಿವೆ. ಹೊರಗಿನ ಕಂಬದಿಂದ ಮನೆಯೊಳಗೆ ಬರುವ ಫೈಬರ್ ಲೈನ್ ಒಂದು. ಗೋಡೆಯ ಮೇಲೆ ಕೂತ ಡಬ್ಬ ಎರಡನೆಯದು. ಆ ಡಬ್ಬದಿಂದ ನಿಮ್ಮ ಫೋನ್ ಅಥವಾ ಲ್ಯಾಪ್‌ಟಾಪ್‌ವರೆಗಿನ ವೈಫೈ ಮೂರನೆಯದು.

ಡಬ್ಬ ಒಂದೇ ಕಂಡರೂ ಒಳಗೆ ಬೇರೆ ಬೇರೆ ಕೆಲಸ ನಡೆಯುತ್ತದೆ. ಫೈಬರ್‌ನಲ್ಲಿ ಬರುವುದು ಕರೆಂಟಲ್ಲ, ಬೆಳಕು. ಆ ಬೆಳಕನ್ನು ಕಂಪ್ಯೂಟರಿಗೆ ಅರ್ಥವಾಗುವ ಸಂಕೇತವಾಗಿ ಬದಲಿಸುವ ಉಪಕರಣಕ್ಕೆ ಓಎನ್‌ಟಿ ಅನ್ನುತ್ತಾರೆ. ಕೆಲವರು ಓಎನ್‌ಯು ಅನ್ನುತ್ತಾರೆ, ನಮ್ಮ ಮಟ್ಟಿಗೆ ಎರಡೂ ಒಂದೇ. ಒಂದು ಕನೆಕ್ಷನ್ನನ್ನು ಮನೆಯ ಹತ್ತು ಸಾಧನಗಳಿಗೆ ಹಂಚಿ, ಯಾವ ಮಾಹಿತಿ ಯಾರಿಗೆ ಹೋಗಬೇಕು ಎಂದು ನೋಡಿಕೊಳ್ಳುವುದು ರೂಟರ್. ಅದನ್ನು ಗಾಳಿಯಲ್ಲಿ ರೇಡಿಯೋ ಅಲೆಯಾಗಿ ಬಿಡುವುದು ವೈಫೈ. ಈಗ ಕಂಪನಿಯವರು ಕೊಡುವ ಹೆಚ್ಚಿನ ಡಬ್ಬಗಳಲ್ಲಿ ಈ ಮೂರೂ ಒಟ್ಟಿಗೇ ಇರುತ್ತವೆ. ಕೆಲವು ಮನೆಗಳಲ್ಲಿ ಓಎನ್‌ಟಿ ಬೇರೆ, ರೂಟರ್ ಬೇರೆ.

ಕಟ್ ಆದ ಗಳಿಗೆಯಲ್ಲಿ ಏನು ನೋಡಬೇಕು

ಇದೇ ಮುಖ್ಯ ಭಾಗ. ಉಳಿದದ್ದೆಲ್ಲ ಇಲ್ಲಿ ಸಿಕ್ಕ ಉತ್ತರದ ಮೇಲೆ ನಿಂತಿದೆ.

ನೆಟ್ ನಿಂತ ಕೂಡಲೇ ಫೋನಿನ ಮೇಲ್ಭಾಗ ನೋಡಿ. ವೈಫೈ ಗುರುತು ಮಾಯವಾಗಿದೆಯಾ, ಅಥವಾ ಗುರುತು ಇದ್ದೂ ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬಂದಿದೆಯಾ? ಗುರುತೇ ಮಾಯವಾಗಿದ್ದರೆ ಫೋನಿಗೂ ಡಬ್ಬಕ್ಕೂ ನಡುವೆ ಏನೋ ಆಗಿದೆ, ಇಲ್ಲವೇ ಡಬ್ಬವೇ ಆಫ್ ಆಗಿದೆ. ಗುರುತು ಇದ್ದು "ಇಂಟರ್ನೆಟ್ ಇಲ್ಲ" ಎಂದು ಬಂದರೆ ವೈಫೈ ಸರಿಯಿದೆ, ತೊಂದರೆ ಅದರಾಚೆ ಇದೆ. ಮನೆಯ ಇನ್ನೊಂದು ಫೋನ್ ಅಥವಾ ಟಿವಿಯನ್ನೂ ನೋಡಿ. ಒಂದೇ ಸಾಧನಕ್ಕೆ ನೆಟ್ ಇಲ್ಲದಿದ್ದರೆ ಹೆಚ್ಚಾಗಿ ಆ ಸಾಧನದ್ದೇ ಕಿತಾಪತಿ.

ಆಮೇಲೆ ಡಬ್ಬದ ಲೈಟ್‌ಗಳು. ಪವರ್ ಲೈಟ್ ಬಿಟ್ಟರೆ ಮೂರನ್ನು ಗಮನಿಸಿ. ಪಾನ್ ಎಂದು ಬರೆದ ಲೈಟ್ ಹಸಿರಾಗಿ ಅಲುಗಾಡದೆ ಉರಿಯುತ್ತಿದ್ದರೆ ಕಂಪನಿಯ ಕೇಂದ್ರದ ಜೊತೆ ಮಾತುಕತೆ ಸರಿಯಿದೆ ಎಂದರ್ಥ. ಅದು ಮಿಟುಕುತ್ತಿದ್ದರೆ ಡಬ್ಬ ಇನ್ನೂ ಕೇಂದ್ರವನ್ನು ಹಿಡಿಯಲು ಒದ್ದಾಡುತ್ತಿದೆ. ಎಲ್‌ಓಎಸ್ ಎಂಬ ಲೈಟ್ ಕೆಂಪಾಗಿ ಮಿಟುಕಿದರೆ ಬೆಳಕೇ ಬರುತ್ತಿಲ್ಲ. ಲೈನ್ ಎಲ್ಲೋ ತುಂಡಾಗಿದೆ, ಮಡಚಿದೆ, ಇಲ್ಲವೇ ಕಂಪನಿಯ ಕಡೆಯೇ ಏನೋ ಆಗಿದೆ. ಪಾನ್ ಸರಿಯಿದ್ದು ಇಂಟರ್ನೆಟ್ ಎಂಬ ಲೈಟ್ ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ಲೈನ್‌ಗೆ ಏನೂ ಆಗಿಲ್ಲ, ಲಾಗಿನ್ ಆಗುತ್ತಿಲ್ಲ. ಪ್ಲಾನ್ ಮುಗಿದಾಗಲೂ ಹೀಗೇ ಆಗುತ್ತದೆ. ರೀಚಾರ್ಜ್ ದಿನಾಂಕ ನೋಡಿಬಿಡಿ, ನಾಚಿಕೆ ಪಡುವಂಥದ್ದೇನಿಲ್ಲ. ಲೈಟ್‌ಗಳ ಹೆಸರು, ಬಣ್ಣ ಡಬ್ಬದಿಂದ ಡಬ್ಬಕ್ಕೆ ಸ್ವಲ್ಪ ಬದಲಾಗುತ್ತವೆ. ಎಲ್ಲವೂ ಸರಿಯಿರುವ ದಿನವೇ ಒಂದು ಫೋಟೋ ತೆಗೆದಿಟ್ಟುಕೊಂಡರೆ ಕೆಟ್ಟ ದಿನ ಹೋಲಿಸಿ ನೋಡಬಹುದು.

ಕಟ್ ಆಗುವುದು ಅರ್ಧ ನಿಮಿಷ ಮಾತ್ರ, ಎದ್ದು ಹೋಗುವಷ್ಟರಲ್ಲಿ ಸರಿಯಾಗಿಬಿಡುತ್ತದೆ ಅನ್ನುವವರಿಗೆ ಪಿಂಗ್ ಇದೆ. ಪಿಂಗ್ ಅಂದರೆ ಇನ್ನೊಂದು ಕಂಪ್ಯೂಟರಿಗೆ "ಇದ್ದೀಯಾ?" ಎಂದು ಚಿಕ್ಕ ಸಂದೇಶ ಕಳಿಸಿ, ಉತ್ತರ ಎಷ್ಟು ಹೊತ್ತಿಗೆ ಬಂತು ಎಂದು ಅಳೆಯುವುದು. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ಎರಡು ಸಲ ತೆರೆದು ಅಕ್ಕಪಕ್ಕ ಇಡಿ. ಒಂದರಲ್ಲಿ ಇಂಗ್ಲಿಷಿನಲ್ಲಿ ಪಿಂಗ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ರೂಟರ್‌ನ ವಿಳಾಸ ಹಾಕಿ, ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು ಟಿ ಅಕ್ಷರ ಹಾಕಿ ಎಂಟರ್ ಒತ್ತಿ. ರೂಟರ್‌ನ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಜಿಯೋದವರ ಡಬ್ಬಗಳಲ್ಲಿ 192.168.29.1. ಫೋನಿನ ವೈಫೈ ವಿವರಗಳಲ್ಲಿ ಗೇಟ್‌ವೇ ಎಂದು ತೋರಿಸುವುದೇ ಇದು. ಇನ್ನೊಂದು ಕಿಟಕಿಯಲ್ಲಿ ಅದೇ ರೀತಿ 8.8.8.8 ಹಾಕಿ. ಅದು ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ಸರ್ವರ್. ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ಹೀಗೇ ಮಾಡಬಹುದು, ಅಲ್ಲಿ ಕೊನೆಯ ಟಿ ಬೇಡ.

ಎರಡೂ ಓಡುತ್ತಿರಲಿ, ನೀವು ನಿಮ್ಮ ಕೆಲಸ ಮಾಡಿ. ನೆಟ್ ತಡವರಿಸಿದ ಕೂಡಲೇ ಕಿಟಕಿಗಳನ್ನು ನೋಡಿ. ಎರಡೂ ಕಡೆ ಉತ್ತರ ನಿಂತಿದ್ದರೆ ತೊಂದರೆ ಮನೆಯೊಳಗಿದೆ: ವೈಫೈ ಇಲ್ಲವೇ ಡಬ್ಬ. ರೂಟರ್‌ನ ಉತ್ತರ ಬರುತ್ತಲೇ ಇದ್ದು 8.8.8.8 ಮಾತ್ರ ನಿಂತಿದ್ದರೆ ತೊಂದರೆ ಲೈನ್‌ನಲ್ಲಿ ಅಥವಾ ಕಂಪನಿಯ ಕಡೆ ಇದೆ. ಎರಡೂ ಉತ್ತರ ಕೊಡುತ್ತಿದ್ದು ವೆಬ್‌ಸೈಟ್‌ಗಳು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನ ಪಡಬಹುದು. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ನಂಬರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಅದು. ರೂಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ಹಾಕಿ ನೋಡಬಹುದು.

ವೈಫೈ ತಪ್ಪೋ ಡಬ್ಬದ ತಪ್ಪೋ ಬಿಡಿಸಿ ನೋಡಬೇಕಾ? ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ಡಬ್ಬಕ್ಕೆ ಜೋಡಿಸಿ. ಕೇಬಲ್‌ನಲ್ಲಿ ಗಂಟೆಗಟ್ಟಲೆ ನಿಲ್ಲದೆ ಓಡಿ, ವೈಫೈಯಲ್ಲಿ ಮಾತ್ರ ಕಟ್ ಆದರೆ ಉತ್ತರ ಸಿಕ್ಕಿತು.

ಇನ್ನೊಂದು ಗುಟ್ಟು ಡಬ್ಬದೊಳಗೇ ಇದೆ. ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಟೈಪ್ ಮಾಡಿ ಒಳಗೆ ಹೋದರೆ ಸ್ಟೇಟಸ್ ಪುಟದಲ್ಲಿ ಅಪ್‌ಟೈಮ್ ಎಂದು ತೋರಿಸುತ್ತದೆ. ಅಂದರೆ ಡಬ್ಬ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ನೀವು ಮೂರು ದಿನದಿಂದ ಸ್ವಿಚ್ ಮುಟ್ಟಿಲ್ಲ, ಕರೆಂಟೂ ಹೋಗಿಲ್ಲ, ಅಲ್ಲಿ ಮಾತ್ರ 25 ನಿಮಿಷ ಎಂದಿದೆ ಅಂದರೆ ಡಬ್ಬ ತಾನೇ ಆಫ್ ಆಗಿ ಆನ್ ಆಗುತ್ತಿದೆ. ಆಗ ಲೈನ್‌ನವರನ್ನು ಬೈದು ಪ್ರಯೋಜನವಿಲ್ಲ. ಅಡಾಪ್ಟರ್ ನೋಡಿ.

ಯಾರೂ ಅನುಮಾನಿಸದ ಅಡಾಪ್ಟರ್

ರೂಟರ್ ಕೆಟ್ಟಿತು ಎಂದು ಹೊಸದು ತರುವ ಮೊದಲು ಅದರ ಅಡಾಪ್ಟರ್ ಬದಲಿಸಿ ನೋಡುವುದು ಒಳ್ಳೆಯದು. ನನ್ನ ಪ್ರಕಾರ ಮನೆಗಳಲ್ಲಿ ಅನ್ಯಾಯವಾಗಿ ಬಿಸಾಡುವ ರೂಟರ್‌ಗಳಲ್ಲಿ ಎಷ್ಟೋ ಇನ್ನೂ ಬದುಕಿರುತ್ತವೆ.

ಅಡಾಪ್ಟರ್ 230 ವೋಲ್ಟ್ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಕೊಡುತ್ತದೆ. ಅದರೊಳಗೆ ಕೆಪ್ಯಾಸಿಟರ್ ಎಂಬ ಚಿಕ್ಕ ಚಿಕ್ಕ ಉರುಳೆಗಳಿರುತ್ತವೆ. ವರ್ಷಗಟ್ಟಲೆ ಹಗಲು ರಾತ್ರಿ ಬಿಸಿಯಲ್ಲಿದ್ದು ಅವು ಸೊರಗುತ್ತವೆ. ಆಮೇಲೆ ಏನಾಗುತ್ತದೆ? ಲೈಟ್‌ಗಳೆಲ್ಲ ಉರಿಯುತ್ತವೆ, ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಆದರೆ ಸಂಜೆ ಎಲ್ಲರೂ ಮನೆಗೆ ಬಂದು ಟಿವಿ, ಫೋನ್ ಒಟ್ಟಿಗೆ ಓಡಿಸಿದಾಗ ಡಬ್ಬಕ್ಕೆ ಜಾಸ್ತಿ ಕರೆಂಟ್ ಬೇಕಾಗುತ್ತದೆ. ಸೊರಗಿದ ಅಡಾಪ್ಟರ್ ಅಷ್ಟು ಕೊಡಲಾರದು. ವೋಲ್ಟೇಜ್ ಕುಸಿಯುತ್ತದೆ, ಡಬ್ಬ ಒಮ್ಮೆ ಆರಿ ಮತ್ತೆ ಎದ್ದೇಳುತ್ತದೆ. ನಮಗೆ ಅನಿಸುವುದು "ಸಂಜೆ ಹೊತ್ತು ನೆಟ್ ಟ್ರಾಫಿಕ್ ಜಾಸ್ತಿ" ಎಂದು.

ಹೊಸ ಅಡಾಪ್ಟರ್ ತರುವಾಗ ಹಳೆಯದರ ಮೇಲಿನ ಚೀಟಿ ಓದಿ. ವೋಲ್ಟ್ ಎಷ್ಟಿದೆಯೋ ಅಷ್ಟೇ ಇರಬೇಕು. 12ರ ಜಾಗಕ್ಕೆ 9 ಹಾಕಿದರೆ ಕೆಲಸ ಮಾಡದು, 9ರ ಜಾಗಕ್ಕೆ 12 ಹಾಕಿದರೆ ಡಬ್ಬ ಸುಡಬಹುದು. ಆಂಪಿಯರ್ ಮಾತ್ರ ಅಷ್ಟೇ ಅಥವಾ ಹೆಚ್ಚಿದ್ದರೂ ಪರವಾಗಿಲ್ಲ. 1 ಆಂಪಿಯರ್ ಬೇಕಾದ ಡಬ್ಬಕ್ಕೆ 2 ಆಂಪಿಯರ್‌ನದು ಹಾಕಬಹುದು, ಅದು ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಪಿನ್ನಿನ ಗಾತ್ರ ಮತ್ತು ಪ್ಲಸ್ ಮೈನಸ್ ಗುರುತೂ ಹೊಂದಬೇಕು.

ಇನ್‌ವರ್ಟರ್ ಇರುವ ಮನೆಯಲ್ಲೂ ಕರೆಂಟ್ ಹೋದಾಗ ರೂಟರ್ ಒಮ್ಮೆ ರೀಸ್ಟಾರ್ಟ್ ಆಗುವುದುಂಟು. ಇನ್‌ವರ್ಟರ್ ಲೈನ್ ಬದಲಿಸುವಾಗಿನ ಆ ಚಿಕ್ಕ ತೆರಪು ಕೆಲವು ಡಬ್ಬಗಳಿಗೆ ಸಾಕು. ರೂಟರಿಗೆಂದೇ ಸಿಗುವ 12 ವೋಲ್ಟಿನ ಮಿನಿ ಯುಪಿಎಸ್ ಇದಕ್ಕೆ ಪರಿಹಾರ. ಓಎನ್‌ಟಿ, ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು, ಒಂದಕ್ಕೆ ಮಾತ್ರ ಹಾಕಿ ಪ್ರಯೋಜನವಿಲ್ಲ.

ಇನ್ನು ಬಿಸಿ. ಸೆಟ್‌ಟಾಪ್ ಬಾಕ್ಸ್ ಮೇಲೆ ರೂಟರ್, ಅದರ ಮೇಲೊಂದು ಕ್ರೋಶಾ ಬಟ್ಟೆ, ಎಲ್ಲ ಸೇರಿ ಶೋಕೇಸಿನ ಗಾಜಿನ ಬಾಗಿಲೊಳಗೆ. ನೋಡಲು ಚೆಂದ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಆ ಡಬ್ಬದ ಪಾಡು ಏನಾಗಬೇಡ! ಗಾಳಿಯಾಡುವ ಕಡೆ ಇಡಿ, ಅಷ್ಟೇ.

ಮಲೆನಾಡು, ಕರಾವಳಿಯವರಿಗೆ ಗುಡುಗು ಸಿಡಿಲಿನ ಕಾಟ ಬೇರೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ. ಆದರೆ ಸಿಡಿಲಿನ ಹೊಡೆತ ಅಡಾಪ್ಟರ್ ಮೂಲಕವೂ ಉದ್ದನೆಯ ಲ್ಯಾನ್ ಕೇಬಲ್ ಮೂಲಕವೂ ಒಳಗೆ ಬರುತ್ತದೆ. ಮೋಡ ಗುಡುಗಲು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಸಿಡಿಲು ತಾಗಿದ ಡಬ್ಬ ಪೂರ್ತಿ ಸಾಯದೆ, ಒಂದು ಲ್ಯಾನ್ ಪೋರ್ಟ್ ಮಾತ್ರ ಹಾಳಾಗಿ ಬಿಟ್ಟು ಬಿಟ್ಟು ಕೆಲಸ ಮಾಡುವುದೂ ಇದೆ. ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಹಾಕಿ ನೋಡಿ.

ಹಳದಿ ತಂತಿ ಮತ್ತು ಮೈನಸ್ ಲೆಕ್ಕ

ಡಬ್ಬದ ಹಿಂದೆ ಹೆಚ್ಚಾಗಿ ಹಳದಿ ಅಥವಾ ಬಿಳಿ ಬಣ್ಣದ ತೆಳು ಕೇಬಲ್ ಸಿಕ್ಕಿಸಿರುತ್ತದೆ, ತುದಿಯಲ್ಲಿ ಹಸಿರು ಅಥವಾ ನೀಲಿ ಪ್ಲಗ್. ಅದೇ ಪ್ಯಾಚ್ ಕಾರ್ಡ್. ಅದರೊಳಗೆ ಕೂದಲೆಳೆಯಂಥ ಗಾಜು ಇದೆ. ಬಳ್ಳಿಯ ಹಾಗೆ ನಯವಾಗಿ ಬಳಸಿದರೆ ಏನೂ ಆಗುವುದಿಲ್ಲ. ಗೋಡೆ ಮೂಲೆಯಲ್ಲಿ ಚೂಪಾಗಿ ಮಡಚಿದರೆ, ಮೇಜಿನ ಕಾಲಡಿ ಸಿಕ್ಕಿದರೆ, ಬಿಗಿಯಾಗಿ ಟ್ಯಾಗ್ ಕಟ್ಟಿದರೆ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಮನೆ ಗುಡಿಸುವಾಗ ಡಬ್ಬ ಸರಿಸಿದ ಮೇಲೆ ನೆಟ್ ಕೆಟ್ಟಿತು ಅಂದರೆ ಮೊದಲು ಇಲ್ಲಿ ನೋಡಿ. ಪ್ಲಗ್ ಕಿತ್ತು ತುದಿಯನ್ನು ಬೆರಳಲ್ಲಿ ಒರೆಸಬೇಡಿ, ಬೆರಳಿನ ಜಿಡ್ಡು ಸಾಕು ಬೆಳಕು ತಡೆಯಲು. ಕಣ್ಣಿನ ಹತ್ತಿರ ಹಿಡಿದು ಒಳಗೆ ನೋಡಲೂ ಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್.

ಎಷ್ಟು ಬೆಳಕು ಬರುತ್ತಿದೆ ಎಂಬುದನ್ನು ಡಬ್ಬವೇ ಅಳೆದು ಹೇಳುತ್ತದೆ. ಸ್ಟೇಟಸ್ ಪುಟದಲ್ಲಿ ಆಪ್ಟಿಕಲ್ ಅಥವಾ ಪಾನ್ ವಿಭಾಗಕ್ಕೆ ಹೋದರೆ ಆರ್‌ಎಕ್ಸ್ ಪವರ್ ಎಂದು ಮೈನಸ್ ಅಂಕಿಯೊಂದು ಇರುತ್ತದೆ. ಅದರ ಅಳತೆ ಡಿಬಿಎಂ. ಸೊನ್ನೆ ಡಿಬಿಎಂ ಅಂದರೆ 1 ಮಿಲಿವ್ಯಾಟ್. ಪ್ರತಿ 10 ಇಳಿದರೆ ಬೆಳಕು ಹತ್ತರಲ್ಲೊಂದು ಭಾಗವಾಗುತ್ತದೆ, 3 ಇಳಿದರೆ ಸುಮಾರು ಅರ್ಧ. ಮೈನಸ್ 20 ಅಂದರೆ ಮಿಲಿವ್ಯಾಟಿನ ನೂರರಲ್ಲೊಂದು ಪಾಲು. ಇಷ್ಟರಲ್ಲೇ ನಮ್ಮ ನೆಟ್ ಆರಾಮಾಗಿ ಓಡುತ್ತದೆ! ಮನೆ ಫೈಬರ್‌ನಲ್ಲಿ ಸಾಮಾನ್ಯವಾಗಿರುವ, ಜಿಪಾನ್ ಎಂಬ ಬಗೆಯ ಡಬ್ಬಗಳಿಗೆ ಮೈನಸ್ 27ರ ಆಸುಪಾಸು ಕೊನೆಯ ಗಡಿ. ಮೈನಸ್ 18, ಮೈನಸ್ 22 ಇದ್ದರೆ ನೆಮ್ಮದಿ. ಮೈನಸ್ 26, 27 ಇದ್ದರೆ ಗಡಿಯ ಮೇಲೆ ನಿಂತಿದ್ದೀರಿ, ಗಾಳಿ ಬೀಸಿ ತಂತಿ ತೂಗಿದರೂ ಕಟ್ ಆಗಬಹುದು.

ಮಳೆಗಾಲದಲ್ಲಿ ಈ ಅಂಕಿ ಕುಸಿಯುವುದು ಯಾಕೆ? ಗಾಜಿಗೆ ನೀರು ತಾಗಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಆದರೆ ಕಂಬದ ಮೇಲಿನ ಜಾಯಿಂಟ್ ಡಬ್ಬಿಯ ಮುಚ್ಚಳ ಸರಿಯಿಲ್ಲದೆ ನೀರು, ಕೊಳೆ ಸೇರಿದರೆ ಜೋಡಣೆ ಹಾಳಾಗುತ್ತದೆ. ಅಡಿಕೆ ತೋಟದ ಮೇಲೆ ಹಾದ ಕೇಬಲ್ ಮೇಲೆ ಸೋಗೆ ಬೀಳುತ್ತದೆ, ಕೊಂಬೆ ಬೀಳುತ್ತದೆ. ಅಳಿಲು, ಇಲಿಗಳಿಗೆ ಮಳೆಗಾಲ ಬೇಸಿಗೆ ಎಂಬ ಭೇದವಿಲ್ಲ, ವರ್ಷವಿಡೀ ಕಡಿಯುತ್ತವೆ.

ಇನ್ನೊಂದು ವಿಷಯ ತಿಳಿದಿರಲಿ. ಫೈಬರ್ ಮನೆಗೊಂದರಂತೆ ಕೇಂದ್ರದಿಂದ ಬರುವುದಿಲ್ಲ. ಒಂದೇ ಎಳೆಯನ್ನು ಸ್ಪ್ಲಿಟರ್ ಎಂಬ ಪುಟ್ಟ ಸಾಧನ 32 ಅಥವಾ 64 ಮನೆಗಳವರೆಗೆ ಕವಲೊಡೆಸುತ್ತದೆ. ಸ್ಪ್ಲಿಟರಿಗೆ ಕರೆಂಟ್ ಬೇಡ, ಹಾಗಾಗಿ ಬೀದಿಯಲ್ಲಿ ಕರೆಂಟ್ ಹೋದರೂ ಫೈಬರ್ ನಡೆಯುತ್ತದೆ. ಇಷ್ಟೂ ಮನೆಗಳ ಡಬ್ಬಗಳು ಸರದಿಯ ಮೇಲೆ ಬೆಳಕು ಕಳಿಸಬೇಕು. ಅಪರೂಪಕ್ಕೆ ಯಾರದೋ ಮನೆಯ ಕೆಟ್ಟ ಡಬ್ಬ ಸರದಿ ತಪ್ಪಿ ಕಳಿಸತೊಡಗಿದರೆ ಆ ಎಳೆಯ ಎಲ್ಲರಿಗೂ ಕಟ್ ಆಗುತ್ತದೆ. ಅಂಕಿ ಚೆನ್ನಾಗಿದ್ದೂ ಪಾನ್ ಲೈಟ್ ಪದೇ ಪದೇ ಮಿಟುಕುತ್ತಿದ್ದರೆ, ಅದೇ ಕಂಪನಿಯ ನೆಟ್ ಇರುವ ಅಕ್ಕಪಕ್ಕದವರನ್ನು ಕೇಳಿ. ಅವರದೂ ಅದೇ ಹೊತ್ತಿಗೆ ಹೋಗುತ್ತಿದ್ದರೆ ನಿಮ್ಮ ಮನೆಯಲ್ಲಿ ಏನು ಬದಲಿಸಿದರೂ ವ್ಯರ್ಥ.

ಗಾಳಿಯಲ್ಲಿ ಕಳೆದುಹೋಗುವ ವೈಫೈ

ಕೇಬಲ್‌ನಲ್ಲಿ ಸರಿಯಿದ್ದು ವೈಫೈಯಲ್ಲಿ ಮಾತ್ರ ಕಟ್ ಆದರೆ ಇಲ್ಲಿಗೆ ಬನ್ನಿ.

ವೈಫೈ ಹೆಚ್ಚಾಗಿ ಎರಡು ಬಗೆಯ ಅಲೆಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಒಂದೆರಡು ಗೋಡೆಗೇ ಸುಸ್ತಾಗುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆ, ಮಲೆನಾಡಿನ ದಪ್ಪ ಮಣ್ಣಿನ ಗೋಡೆ, ಮಹಡಿಯ ಆರ್‌ಸಿಸಿ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಎಲ್ಲವೂ ಅಲೆಯನ್ನು ನುಂಗುತ್ತವೆ ಇಲ್ಲವೇ ತಿರುಗಿಸುತ್ತವೆ. ವೈಫೈ ಅನಲೈಸರ್ ಥರದ ಆ್ಯಪ್ ಹಾಕಿಕೊಂಡು ಮನೆಯೊಳಗೆ ಓಡಾಡಿ ನೋಡಿ. ಇಲ್ಲೂ ಮೈನಸ್ ಲೆಕ್ಕವೇ. ಮೈನಸ್ 50 ಇದ್ದರೆ ಭರ್ಜರಿ. ಮೈನಸ್ 67ರವರೆಗೆ ವಿಡಿಯೋ ಕಾಲ್ ನಡೆಯುತ್ತದೆ. ಮೈನಸ್ 80 ಹತ್ತಿರ ಬಂದರೆ ಕಟ್ ಆಗದಿದ್ದರೇ ಆಶ್ಚರ್ಯ.

2.4ರಲ್ಲಿ ನೂಕುನುಗ್ಗಲೂ ಇದೆ. ನಮ್ಮಲ್ಲಿ ಅದರೊಳಗೆ 1ರಿಂದ 13ರವರೆಗೆ ಚಾನೆಲ್‌ಗಳಿವೆ. ಆದರೆ ಪಕ್ಕಪಕ್ಕದ ಚಾನೆಲ್‌ಗಳ ನಡುವೆ ಇರುವುದು 5 ಮೆಗಾಹರ್ಟ್ಸ್, ಒಂದೊಂದು ವೈಫೈ ಹಿಡಿಯುವ ಅಗಲ 20. ಒಂದರ ಮೇಲೊಂದು ಏರದಂತೆ ಕೂರುವುದು 1, 6, 11 ಈ ಮೂರು ಮಾತ್ರ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದರೆ ಇಪ್ಪತ್ತು ಮೂವತ್ತು ವೈಫೈ ಹೆಸರು ಕಾಣುತ್ತವೆ, ಅಷ್ಟೂ ಈ ಮೂರು ಜಾಗಕ್ಕೇ ಮುಗಿಬೀಳುತ್ತಿವೆ. ಸಾಲದ್ದಕ್ಕೆ ಬ್ಲೂಟೂತ್ ಕೂಡ ಅಲ್ಲೇ, ಮೈಕ್ರೋವೇವ್ ಓವನ್ ಸೋರುವ ಅಲೆಯೂ ಅಲ್ಲೇ. ಅನ್ನ ಬಿಸಿ ಮಾಡುವಾಗ ಕಾಲ್ ಕಟ್ ಆಗುತ್ತದೆ ಅನ್ನುವವರ ಮಾತು ಸುಳ್ಳಲ್ಲ. ರೂಟರ್ ಸೆಟ್ಟಿಂಗ್‌ನಲ್ಲಿ 2.4ರ ಅಗಲವನ್ನು 20ಕ್ಕೆ ಇಳಿಸಿ, ಆ ಮೂರರಲ್ಲಿ ಖಾಲಿ ಇರುವ ಚಾನೆಲ್ ಆರಿಸಿ. ಆಟೋ ಬಿಟ್ಟರೆ ಕೆಲವು ಡಬ್ಬಗಳು ಪದೇ ಪದೇ ಚಾನೆಲ್ ಹಾರುತ್ತವೆ, ಹಾರಿದಾಗಲೆಲ್ಲ ಫೋನ್‌ಗಳು ಕೆಲವು ಸೆಕೆಂಡ್ ಕೈಬಿಡುತ್ತವೆ.

5 ಗಿಗಾಹರ್ಟ್ಸ್‌ನಲ್ಲಿ ಬೇರೆಯದೇ ಕಥೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಬ್ಯಾಂಡಿನ ದೊಡ್ಡ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಆದರೆ 52ರಿಂದ 144ರವರೆಗಿನ ನಡುವಿನ ಚಾನೆಲ್‌ಗಳ ಅಲೆಗಳಲ್ಲಿ ರಾಡಾರ್‌ಗಳೂ ಕೆಲಸ ಮಾಡುತ್ತವೆ. ಅಲ್ಲಿ ಕೂತ ರೂಟರಿಗೆ ರಾಡಾರ್‌ನ ಸದ್ದು ಕೇಳಿದರೆ, ಅಥವಾ ಕೇಳಿದಂತೆ ಅನಿಸಿದರೂ, ಜಾಗ ಖಾಲಿ ಮಾಡಬೇಕು. ಹೊಸ ಜಾಗವೂ ಅದೇ ಗುಂಪಿನದಾದರೆ ಕನಿಷ್ಠ ಒಂದು ನಿಮಿಷ ಸುಮ್ಮನೆ ಆಲಿಸಿ ಆಮೇಲೆ ಶುರು ಮಾಡಬೇಕು. ಏರ್‌ಪೋರ್ಟ್ ಹತ್ತಿರ ಮನೆಯಿದ್ದು, 5 ಗಿಗಾಹರ್ಟ್ಸ್ ವೈಫೈಯ ಹೆಸರೇ ಒಂದು ನಿಮಿಷ ಮಾಯವಾಗಿ ಮತ್ತೆ ಬರುತ್ತಿದ್ದರೆ ಕಾರಣ ಇದೇ ಇರಬಹುದು. 36ರಿಂದ 48, ಅಥವಾ 149ರಿಂದ 161ರೊಳಗಿನ ಚಾನೆಲ್ ಹಾಕಿದರೆ ಈ ಗೋಜಿಲ್ಲ.

ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಫೋನ್ ಹಾಲ್‌ನಲ್ಲಿ 5, ಅಡುಗೆಮನೆಯಲ್ಲಿ 2.4 ಎಂದು ಜಿಗಿಯುತ್ತಿರುತ್ತದೆ. ಒಳ್ಳೆಯ ರೂಟರ್‌ಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಅಗ್ಗದವುಗಳಲ್ಲಿ ಜಿಗಿಯುವಾಗ ಕಾಲ್ ಕಟ್ ಆಗುತ್ತದೆ. ಎರಡಕ್ಕೂ ಬೇರೆ ಹೆಸರಿಟ್ಟು ಒಂದೆರಡು ದಿನ ನೋಡಿ.

ಎರಡನೇ ರೂಟರ್ ತಂದ ಮೇಲೆ ಶುರುವಾದ ಕಾಟ

ಮಹಡಿಗೆ ಸಿಗ್ನಲ್ ಬರುವುದಿಲ್ಲವೆಂದು ಇನ್ನೊಂದು ರೂಟರ್ ತಂದು ಲ್ಯಾನ್ ಕೇಬಲ್‌ನಲ್ಲಿ ಜೋಡಿಸುತ್ತೇವೆ. ಒಂದು ದಿನ ಚೆನ್ನಾಗಿರುತ್ತದೆ. ಆಮೇಲೆ ಕೆಲವು ಫೋನ್‌ಗಳಿಗೆ ನೆಟ್ ಇರುತ್ತದೆ, ಕೆಲವಕ್ಕಿಲ್ಲ. ಯಾವುದಕ್ಕೆ ಯಾವಾಗ ಹೋಗುತ್ತದೆ ಎಂಬುದಕ್ಕೆ ತಲೆಬುಡವಿಲ್ಲ.

ಮನೆಯ ಪ್ರತಿ ಸಾಧನಕ್ಕೂ ರೂಟರ್ ಒಂದು ಐಪಿ ವಿಳಾಸ ಕೊಡುತ್ತದೆ, ಇಂತಿಷ್ಟು ಗಂಟೆ ಇಟ್ಟುಕೋ ಎಂಬ ಗಡುವಿನ ಜೊತೆಗೆ. ಈ ಕೆಲಸದ ಹೆಸರು ಡಿಎಚ್‌ಸಿಪಿ. ಒಂದೇ ಮನೆಯಲ್ಲಿ ಎರಡು ರೂಟರ್‌ಗಳು ಒಂದರ ಸುದ್ದಿ ಇನ್ನೊಂದಕ್ಕಿಲ್ಲದೆ ವಿಳಾಸ ಹಂಚತೊಡಗಿದರೆ ಇಬ್ಬರಿಗೆ ಒಂದೇ ವಿಳಾಸ ಸಿಗಬಹುದು, ಅಥವಾ ಫೋನ್ ಹೊರಗಿನ ದಾರಿಯೇ ಇಲ್ಲದ ರೂಟರನ್ನು ಗೇಟ್‌ವೇ ಎಂದು ನಂಬಿ ಕೂರಬಹುದು. ಎರಡು ರೂಟರ್‌ಗಳೂ 192.168.1.1 ಎಂದೇ ಹೆಸರಿಟ್ಟುಕೊಂಡಿದ್ದರಂತೂ ಕೇಳಲೇಬೇಡಿ. ಎರಡನೆಯದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಅದು ವಿಳಾಸ ಹಂಚುವ ಉಸಾಬರಿ ಬಿಟ್ಟು ವೈಫೈ ಮಾತ್ರ ಕೊಡುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಮೊದಲು ಅದರ ವಿಳಾಸವನ್ನು ಬೇರೆ ಮಾಡಿ, ಉದಾಹರಣೆಗೆ 192.168.1.2. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಿ.

ಕಟ್ ಆಗದೆಯೂ ಕಟ್ ಆದಂತೆ

ಕೆಲವೊಮ್ಮೆ ಏನೂ ಕಟ್ ಆಗಿರುವುದೇ ಇಲ್ಲ. ಯಾರದೋ ಫೋನ್ ಜಾತ್ರೆಯ ಫೋಟೋ ವಿಡಿಯೋಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಿರುತ್ತದೆ, ಅಥವಾ ಗೇಟಿನ ಕ್ಯಾಮೆರಾ ಸದಾ ಅಪ್‌ಲೋಡ್ ಮಾಡುತ್ತಿರುತ್ತದೆ. ನಿಮ್ಮ ಕಾಲ್‌ನ ಮಾತುಗಳು ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತವೆ. ಆಗ 8.8.8.8ರ ಪಿಂಗ್ ನಿಲ್ಲುವುದಿಲ್ಲ, ಇಪ್ಪತ್ತು ಮಿಲಿಸೆಕೆಂಡ್ ಇದ್ದದ್ದು ಐನೂರಕ್ಕೆ ಏರುತ್ತದೆ. ಬ್ಯಾಕಪ್ಪನ್ನು ರಾತ್ರಿಗೆ ಇಟ್ಟುಕೊಳ್ಳಿ. ರೂಟರ್‌ನಲ್ಲಿ ಕ್ಯೂಓಎಸ್ ಎಂಬ, ಕಾಲ್‌ನಂಥ ಅವಸರದ ಕೆಲಸಕ್ಕೆ ಮೊದಲು ದಾರಿ ಬಿಡುವ ಆಯ್ಕೆ ಇದ್ದರೆ ಆನ್ ಮಾಡಿ.

ಫೋನಿನ ಸೆಟ್ಟಿಂಗ್‌ಗಳೂ ಆಟವಾಡಿಸುತ್ತವೆ. ವೈಫೈ ಸ್ವಲ್ಪ ನಿಧಾನವಾದರೆ ಮೊಬೈಲ್ ಡೇಟಾಕ್ಕೆ ಹಾರುವ ಆಯ್ಕೆ ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿದೆ. ಬ್ಯಾಟರಿ ಉಳಿಸುವ ಮೋಡ್ ವೈಫೈಯನ್ನು ಮಲಗಿಸಬಹುದು. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಡಿವೈಸ್ ಮ್ಯಾನೇಜರ್ ಒಳಗೆ ವೈಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ, ಕರೆಂಟ್ ಉಳಿಸಲು ಅದನ್ನು ಆಫ್ ಮಾಡುವ ಟಿಕ್ ಇರುತ್ತದೆ. ತೆಗೆಯಿರಿ.

ರೀಸೆಟ್ ತೂತಿಗೆ ಪಿನ್ ಚುಚ್ಚುವ ಮೊದಲು

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸ್ಟಾರ್ಟ್ ಅಂದರೆ ಆಫ್ ಮಾಡಿ ಆನ್ ಮಾಡುವುದು. ರೀಸೆಟ್ ಅಂದರೆ ಹಿಂದಿನ ಚಿಕ್ಕ ತೂತಿನಲ್ಲಿ ಪಿನ್ ಒತ್ತಿ ಹಿಡಿಯುವುದು. ಅದು ಡಬ್ಬವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ. ಅನೇಕ ಕನೆಕ್ಷನ್‌ಗಳಲ್ಲಿ ಪಿಪಿಪಿಓಇ ಎಂಬ ಲಾಗಿನ್ನಿನ ಯೂಸರ್ ನೇಮ್, ಪಾಸ್‌ವರ್ಡ್ ಡಬ್ಬದೊಳಗೆ ಇರುತ್ತದೆ. ರೀಸೆಟ್ ಮಾಡಿದರೆ ಅದೂ ಅಳಿಸುತ್ತದೆ, ಬಿಟ್ಟು ಬಿಟ್ಟು ಬರುತ್ತಿದ್ದ ನೆಟ್ ಪೂರ್ತಿ ಹೋಗುತ್ತದೆ. ಶನಿವಾರ ಸಂಜೆ ಈ ಕೆಲಸ ಮಾಡಿದರೆ ಸೋಮವಾರದವರೆಗೆ ಮೊಬೈಲ್ ಡೇಟಾವೇ ಗತಿ.

ಡಬ್ಬದ ಅಡ್ಮಿನ್ ಪಾಸ್‌ವರ್ಡನ್ನು ಮಾತ್ರ ಖಂಡಿತ ಬದಲಿಸಿ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್, ಅಂದರೆ ಕೇಡು ಮಾಡುವ ಸಾಫ್ಟ್‌ವೇರ್, ದಾಳಿ ಮಾಡಿ ಎಷ್ಟೋ ಮನೆಗಳ ನೆಟ್ ನಿಂತಿತ್ತು. ಸಿಕ್ಕಿಬಿದ್ದದ್ದು ಮೊದಲಿನ 'ಅಡ್ಮಿನ್' ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಹೇಳಬೇಕಾಯಿತು. ಹಾಗಾಗಿ ಪದೇ ಪದೇ ಕಟ್ ಆಗುವುದಕ್ಕೆ ಇದೂ ಒಂದು ಕಾರಣ ಇರಬಹುದು. ಡಬ್ಬದ ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದೆಯಾ ಎಂದೂ ನೋಡಿ.

ಕಂಪನಿಗೆ ಏನು ಹೇಳಬೇಕು

"ನೆಟ್ ಸರಿಯಿಲ್ಲ" ಅಂದರೆ ಅವರು ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಅದರ ಬದಲು ಹೀಗೆ ಹೇಳಿ: "ಮಧ್ಯಾಹ್ನದ ಮೇಲೆ ಎಲ್‌ಓಎಸ್ ಕೆಂಪು ಮಿಟುಕುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತೆ. ಆರ್‌ಎಕ್ಸ್ ಪವರ್ ಮೈನಸ್ 27 ತೋರಿಸ್ತಿದೆ. ಡಬ್ಬ ರೀಸ್ಟಾರ್ಟ್ ಆಗ್ತಿಲ್ಲ, ಅಪ್‌ಟೈಮ್ ನಾಲ್ಕು ದಿನ ಇದೆ." ಈ ಮೂರು ಮಾತಿನಲ್ಲಿ ವೈಫೈ, ಅಡಾಪ್ಟರ್ ಎರಡೂ ಪಕ್ಕಕ್ಕೆ ಸರಿದು ಲೈನ್ ಮಾತ್ರ ಉಳಿಯುತ್ತದೆ. ಕಳಿಸಿದರೆ ಅವರು ಲೈನ್ ನೋಡುವವರನ್ನೇ ಕಳಿಸಬೇಕು.

ದೂರಿನ ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದು, ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನ ನಿಯಮದಂತೆ ಕಂಪನಿಗಳು ಅದನ್ನು ಇಟ್ಟಿರಬೇಕು. ಅಲ್ಲಿ ಮೊದಲು ಕೇಳುವುದು ಆ ಡಾಕೆಟ್ ನಂಬರನ್ನೇ.

ಲೈನ್ ನೋಡುವವರು ಬಂದಾಗ ಕೈಯಲ್ಲಿ ಪವರ್ ಮೀಟರ್ ಎಂಬ ಪುಟ್ಟ ಸಾಧನ ತರುತ್ತಾರೆ. ಕೆಲಸ ಶುರು ಮಾಡುವ ಮೊದಲು ಅಂಕಿ ಎಷ್ಟಿತ್ತು, ಮುಗಿದ ಮೇಲೆ ಎಷ್ಟಾಯಿತು ಎಂದು ಕೇಳಿ. ಮೈನಸ್ 27 ಇದ್ದದ್ದು 21ಕ್ಕೆ ಬಂದಿದ್ದರೆ ರಿಪೇರಿ ಆಗಿದೆ. ಇನ್ನೂ 26ರಲ್ಲೇ ಇದ್ದರೆ, ಅವರು ಬೈಕ್ ಹತ್ತುವ ಮೊದಲೇ "ಜಾಯಿಂಟ್ ಇನ್ನೊಂದ್ಸಲ ನೋಡಿ ಅಣ್ಣಾ" ಅನ್ನಿ.